ಜಾಮರ್ ಬೇಡ, ಡ್ರೋನ್ ಇಳಿಯುವ ಜಾಗ ನೋಡಿ

ಸಂಜೆ ತಾರಸಿಯ ಮೇಲೆ ಡ್ರೋನ್ ಸುಳಿಯುತ್ತಿದೆ, ಪತ್ತೆ ಯಂತ್ರ ಕೊಳ್ಳಲೇ, ಅದರ ರೇಡಿಯೋ ಸಂಪರ್ಕ ಕಡಿಯುವ ಜಾಮರ್ ಹಾಕಲೇ ಎಂದು ಕೇಳಿದ್ದೀರಿ. ಜಾಮರ್ ವಿಚಾರ ಇಲ್ಲಿಗೇ ಬಿಡಿ. ನಮ್ಮ ದೇಶದಲ್ಲಿ ಖಾಸಗಿಯವರು ಅದನ್ನು ಬಳಸುವುದೇ ಅಪರಾಧ. ಅಗ್ಗದ ಪತ್ತೆ ಯಂತ್ರಕ್ಕೂ ದುಡ್ಡು ಸುರಿಯಬೇಡಿ. ಹೆಚ್ಚಿನ ಡ್ರೋನ್‌ಗಳು ಬಳಸುವ 2.4 ಮತ್ತು 5.8 ಗಿಗಾಹರ್ಟ್ಸ್ ತರಂಗಗಳಲ್ಲೇ ಮನೆಮನೆಯ ವೈಫೈ ಕೂಡ ಓಡುತ್ತದೆ. ಆ ತರಂಗಗಳನ್ನೇ ಹಿಡಿಯುವ ಪತ್ತೆ ಯಂತ್ರ ಪಕ್ಕದ ಮನೆಯ ರೌಟರ್‌ಗೂ ಕೂಗಿಕೊಳ್ಳುತ್ತದೆ.

ನಿಮ್ಮ ಕಿವಿಯೇ ಸಾಕು. ಜೇನಿನ ಝೇಂಕಾರದಂತಹ ಸದ್ದು ಬಂದ ಕೂಡಲೇ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಸಮಯ ಬರೆದಿಡಿ. ಸಣ್ಣ ಡ್ರೋನ್‌ನ ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಆಗ ಅದು ಹಾರಿಸಿದವನ ಬಳಿಗೇ ಮರಳಬೇಕು. ಯಾವ ತಾರಸಿಗೆ ಇಳಿಯಿತು ಎಂಬುದನ್ನು ನೋಡಿಕೊಂಡು ಠಾಣೆಗೆ ದೂರು ಕೊಡಿ. 2021ರ ಡ್ರೋನ್ ನಿಯಮಗಳಂತೆ ಅದಕ್ಕೆ ನೋಂದಣಿ ಸಂಖ್ಯೆ ಇರಬೇಕು. ಪೊಲೀಸರು ಮೊದಲು ಕೇಳಬೇಕಾದದ್ದು ಅದನ್ನೇ. ಕಲ್ಲು ಹೊಡೆದು ಬೀಳಿಸುವ ಆಸೆ ನನಗೂ ಆಗುತ್ತಿತ್ತು, ಆದರೆ ಆಮೇಲೆ ದೂರು ನಿಮ್ಮ ಮೇಲೆಯೇ ಬಂದೀತು.