ಬೆಂಗಳೂರಿಂದ ಒಂದು ದಿನದ ವೈನ್ ಟೂರ್: ಗ್ರೋವರಾ, ಸುಲಾನಾ?

ಮಾರ್ಚ್‌ನಲ್ಲಿ ನಾಲ್ಕು ಜನ ವೈನರಿ (ವೈನ್ ಮಾಡೋ ಜಾಗ) ನೋಡೋಕೆ ಹೋಗ್ತೀವಿ, ಒಬ್ಬರು ಕುಡಿಯಲ್ಲ, ದೊಡ್ಡಬಳ್ಳಾಪುರದ ಗ್ರೋವರ್ ಝಂಪಾಗೆ ಹೋಗೋದಾ, ಚನ್ನಪಟ್ಟಣದ ಡೊಮೇನ್ ಸುಲಾಗಾ ಅಂತ ಕೇಳಿದ್ದೀರಿ. ವೈನ್ ಹೇಗೆ ಮಾಡ್ತಾರೆ ಅಂತ ನೋಡೋ ಆಸೆ ಇದ್ದರೆ ಗ್ರೋವರ್‌ಗೇ ಹೋಗಿ. ನಂದಿ ಬೆಟ್ಟದ ತಪ್ಪಲಲ್ಲಿ 1988ರಲ್ಲಿ ಶುರುವಾದ ಕಂಪನಿ, ದ್ರಾಕ್ಷಿ ತೋಟ ಕೂಡ ಅಲ್ಲೇ ಇದೆ. ಮೈಸೂರು ಕಡೆ ಹೇಗೂ ಹೊರಟಿದ್ದರೆ ಮಾತ್ರ ಸುಲಾ.

ಮಾರ್ಚ್ ಒಳ್ಳೆಯ ಸಮಯ. ನಮ್ಮಲ್ಲಿ ದ್ರಾಕ್ಷಿ ಕೊಯ್ಲು ಸುಮಾರಾಗಿ ಜನವರಿಯಿಂದ ಮಾರ್ಚ್ ತನಕ ಇರುತ್ತೆ, ಮಳೆಗಾಲದಲ್ಲಿ ಹೋದರೆ ಬರೀ ಎಲೆ ನೋಡ್ಕೊಂಡು ಬರಬೇಕು.

ಪ್ಯಾಕೇಜ್ ಬುಕ್ ಮಾಡೋ ಮುಂಚೆ ಫೋನ್ ಮಾಡಿ ಕೇಳಿ: ಎಷ್ಟು ಬಗೆ ವೈನ್ ಕೊಡ್ತಾರೆ, ಊಟ ಸೇರಿದೆಯಾ, ಗುಂಪಲ್ಲಿ ಎಷ್ಟು ಜನ. ಈ ಕೊನೇದೇ ಮುಖ್ಯ. ಗುಂಪು ದೊಡ್ಡದಾದರೆ ಹಿಂದೆ ನಿಂತವರಿಗೆ ಗೈಡ್ ಹೇಳೋದು ಏನೂ ಕೇಳಿಸಲ್ಲ, ಸುಮ್ನೆ ಗ್ಲಾಸ್ ಹಿಡ್ಕೊಂಡು ಫೋಟೋ ತೆಗೆಸ್ಕೊಂಡು ಬರ್ತೀರಿ ಅಷ್ಟೇ. ಮೊದಲು ಬಿಳಿ, ಆಮೇಲೆ ರೋಸೆ (ತಿಳಿ ಗುಲಾಬಿ ಬಣ್ಣದ ವೈನ್), ಕೊನೆಗೆ ಕೆಂಪು ಕೊಡೋದು ವಾಡಿಕೆ. ಕೆಂಪು ಕುಡಿದಾಗ ಒಸಡು ಒಣಗಿ ಬಿಗಿದ ಹಾಗಾಗುತ್ತಲ್ಲ, ಅದು ಸಿಪ್ಪೆ, ಬೀಜದ ಒಗರು. ಇಷ್ಟ ಆಗದಿದ್ದರೆ ಉಗುಳಬಹುದು, ಯಾರೂ ಏನೂ ಅನ್ಕೊಳ್ಳಲ್ಲ. ಪರ್ಫ್ಯೂಮ್ ಮಾತ್ರ ಹಾಕ್ಕೊಂಡು ಹೋಗ್ಬೇಡಿ, ವೈನ್ ವಾಸನೆನೇ ಗೊತ್ತಾಗಲ್ಲ.

ಕುಡಿಯದವರನ್ನೇ ಡ್ರೈವರ್ ಮಾಡೋ ಪ್ಲಾನ್ ಇದ್ದರೆ ಪಾಪ ಅವರನ್ನೂ ಒಂದು ಮಾತು ಕೇಳಿ. ನಾನಾದರೆ ಇಡೀ ದಿನಕ್ಕೆ ಕ್ಯಾಬ್ ಮಾಡ್ತೀನಿ. ಭಾನುವಾರ ಬೇಡ, ನಂದಿ ಬೆಟ್ಟ ನೋಡೋಕೆ ಬರೋ ಜನವೆಲ್ಲ ಅದೇ ಕಡೆ ಇರ್ತಾರೆ.