ಮೈಕ್ರೋ ಎಲ್‌ಇಡಿ ಲ್ಯಾಪ್‌ಟಾಪ್ ಬರುವವರೆಗೆ ಕಾಯಬೇಕಾ?

ದಿನವಿಡೀ ಓದುವ ಬರೆಯುವ ಕೆಲಸ, ಪರದೆ ಮಂಕಾಗಿದೆ, ಸಂಜೆಯಾದರೆ ಕಣ್ಣು ಉರಿಯುತ್ತದೆ, ಆದರೂ ಟ್ಯಾಂಡೆಮ್ ಓಎಲ್‌ಇಡಿ ಅಗ್ಗವಾಗಲಿ ಇಲ್ಲವೇ ಮೈಕ್ರೋ ಎಲ್‌ಇಡಿ ಬರಲಿ ಅಂತ ಕಾಯುತ್ತಿದ್ದೇನೆ ಎಂದಿದ್ದೀರಿ. ಎರಡೂ ಹಿಂದೆ ಬೇರೆ ದೀಪವಿಲ್ಲದೆ ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಪರದೆಗಳು. ನಾನೂ 2009ರಿಂದ 2012ರವರೆಗೆ ಹೀಗೇ ಕಾದವನು. ತಂತ್ರಜ್ಞಾನದ ಹೆಸರು ಬೇರೆ, ಅಷ್ಟೇ.

ಆಗ ನನ್ನದು ಕರಡು ತಿದ್ದುವ ಕೆಲಸ. ಪುಸ್ತಕದ ಪುಟಗಳು ಪಿಡಿಎಫ್ ಆಗಿ ಬರುತ್ತಿದ್ದವು. ದಿನಕ್ಕೆ ಏಳೆಂಟು ಗಂಟೆ ಪರದೆಯ ಮೇಲೆ ಕನ್ನಡ ಓದುವುದು. ಲ್ಯಾಪ್‌ಟಾಪ್ ಹಳೆಯದು, 15.4 ಇಂಚು, 1280×800 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕೆಗಳ ಪರದೆ. ಅಂಥ ಪರದೆಗಳ ಹಿಂದೆ ಎಲ್‌ಇಡಿ ಇರಲಿಲ್ಲ. ಕಡ್ಡಿಯಷ್ಟು ತೆಳ್ಳಗಿನ ಟ್ಯೂಬ್‌ಲೈಟ್ ಇರುತ್ತಿತ್ತು, ಸಿಸಿಎಫ್‌ಎಲ್ ಅಂತಾರೆ. ಅದಕ್ಕೆ ವಯಸ್ಸಾದರೆ ಬೆಳಗ್ಗೆ ಆನ್ ಮಾಡಿದ ತಕ್ಷಣ ಪರದೆಯೆಲ್ಲ ಕೆಂಪು ಕೆಂಪಾಗಿ ಕಾಣುತ್ತದೆ. ಸ್ವಲ್ಪ ಹೊತ್ತು ಬಿಸಿಯಾದ ಮೇಲೆ ಬಿಳಿ ಬರುತ್ತದೆ, ಅದೂ ಪೂರ್ತಿ ಬಿಳಿಯಲ್ಲ. ನನ್ನದು ಆ ಹಂತಕ್ಕೆ ಬಂದಿತ್ತು. ಹೊಸದು ತೆಗೆದುಕೊಳ್ಳುವಷ್ಟು ದುಡ್ಡೂ ಕೂಡಿಟ್ಟಿದ್ದೆ.

ಸರಿಯಾಗಿ ಆಗಲೇ ಪಿಕ್ಸೆಲ್ ಚೀ ಎಂಬ ಕಂಪನಿಯ ಸುದ್ದಿ ಕಣ್ಣಿಗೆ ಬಿತ್ತು. ಮೇರಿ ಲೂ ಜೆಪ್ಸನ್ ಅದನ್ನು ಕಟ್ಟಿದವರು. ಮಕ್ಕಳಿಗಾಗಿ ಮಾಡಿದ ಎಕ್ಸ್‌ಒ ಲ್ಯಾಪ್‌ಟಾಪಿನ ಪರದೆ ಅವರದೇ ಕೆಲಸ. ಬಿಸಿಲಲ್ಲಿ ಹಿಡಿದರೂ ಅದರ ಅಕ್ಷರ ಓದಬಹುದಿತ್ತು. ಪಿಕ್ಸೆಲ್ ಚೀ ಪರದೆಯ ಒಳಗುಟ್ಟೂ ಅದೇ. ಹಿಂದಿನ ದೀಪ ಆರಿಸಿದರೆ ಹೊರಗಿನ ಬೆಳಕೇ ಪರದೆಯೊಳಗಿಂದ ತಿರುಗಿ ಬಂದು ಅಕ್ಷರ ಕಾಗದದ ಮೇಲಿದ್ದ ಹಾಗೆ ಕಪ್ಪು ಬಿಳುಪಿನಲ್ಲಿ ಕಾಣುತ್ತದೆ. ದೀಪ ಹಾಕಿದರೆ ಮಾಮೂಲಿ ಬಣ್ಣದ ಪರದೆ. 2009ರ ಕಂಪ್ಯೂಟೆಕ್ಸ್ ಪ್ರದರ್ಶನದಲ್ಲಿ ಅದನ್ನು ತೋರಿಸಿದರು. ಆ ವಿಡಿಯೋಗಳನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಇದು ಬರಲಿ, ಆಮೇಲೆ ತೆಗೆದುಕೊಳ್ಳೋಣ ಎಂದು ದುಡ್ಡು ಹಾಗೇ ಇಟ್ಟೆ.

2010ರಲ್ಲಿ ನೆಟ್‌ಬುಕ್‌ಗೆ, ಅಂದರೆ ಪುಟ್ಟ ಲ್ಯಾಪ್‌ಟಾಪಿಗೆ, ನಾವೇ ಹಾಕಿಕೊಳ್ಳುವಂಥ ಬಿಡಿ ಪ್ಯಾನಲ್ ಬಂತು. 2011ರಲ್ಲಿ ಅದೇ ಪರದೆಯ ಆಡಮ್ ಟ್ಯಾಬ್ಲೆಟ್ ಬಂತು. ನನಗೆ ಬೇಕಾಗಿದ್ದ ದೊಡ್ಡ ಲ್ಯಾಪ್‌ಟಾಪ್ ಬರಲಿಲ್ಲ. ಅಷ್ಟರಲ್ಲಿ ಚಿಪ್ ಕಂಪನಿ ಕ್ವಾಲ್‌ಕಾಮ್‌ನ ಮಿರಾಸಾಲ್ ಸುದ್ದಿ. ಚಿಟ್ಟೆಯ ರೆಕ್ಕೆ ಹೊಳೆಯುವ ಹಾಗೆ, ಎರಡು ಪದರಗಳ ನಡುವಿನ ಸಂದಿಯಿಂದಲೇ ಬಣ್ಣ ಹುಟ್ಟಿಸುವ ಪರದೆ ಅದು. ಸರಿ, ಇದನ್ನೂ ನೋಡೋಣ ಅಂತ ಇನ್ನೊಂದು ವರ್ಷ. 2011ರ ಕೊನೆಗೆ ಆ ಪರದೆಯ ಒಂದು ಇ-ರೀಡರ್ ಬಂತು. 2012ರಲ್ಲಿ ಕ್ವಾಲ್‌ಕಾಮ್, ಪರದೆಯನ್ನು ನಾವೇ ದೊಡ್ಡ ಮಟ್ಟದಲ್ಲಿ ತಯಾರಿಸುವ ಬದಲು ತಂತ್ರಜ್ಞಾನವನ್ನು ಬೇರೆಯವರಿಗೆ ಲೈಸೆನ್ಸ್ ಕೊಡುತ್ತೇವೆ ಅಂದಿತು. ಪಿಕ್ಸೆಲ್ ಚೀ ಕೂಡ ಸದ್ದಿಲ್ಲದೆ ಮರೆಯಾಯಿತು. ಆ ಜನರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಅವರು ತೋರಿಸಿದ್ದು ಕೆಲಸ ಮಾಡುತ್ತಿತ್ತು. ಕಾದದ್ದು ನಾನು.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಅದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ.

ಕನ್ನಡದಲ್ಲಿ ದ ಮತ್ತು ಧ ನಡುವಿನ ವ್ಯತ್ಯಾಸ ಎಷ್ಟು? ಹೊಟ್ಟೆ ಸೀಳುವ ಒಂದು ಸಣ್ಣ ಗೆರೆ. ಇಡೀ ಪುಟ ಪರದೆಯಲ್ಲಿ ಕಾಣುವ ಹಾಗೆ ಇಟ್ಟುಕೊಂಡರೆ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಅಕ್ಷರದ ಎತ್ತರಕ್ಕೆ ಸಿಗುತ್ತಿದ್ದದ್ದು ಎಂಟೋ ಒಂಬತ್ತೋ ಪಿಕ್ಸೆಲ್. ಅದರಲ್ಲಿ ಆ ಗೆರೆಗೆ ಒಂದೇ ಪಿಕ್ಸೆಲ್, ಅದೂ ಪೂರ್ತಿ ಕಪ್ಪಲ್ಲ, ಬೂದು. ದೀಪ ಸರಿಯಿದ್ದಾಗ ಆ ಬೂದು ಚುಕ್ಕೆ ಕಾಣುತ್ತಿತ್ತು. ದೀಪ ಕೆಂಪಗಾಗುತ್ತಾ ಮಂಕಾಗುತ್ತಾ ಹೋದ ಹಾಗೆ ಹಿನ್ನೆಲೆಯೂ ಬೂದಾಯಿತು, ಚುಕ್ಕೆ ಅದರಲ್ಲೇ ಕರಗಿತು. ಇದು ಒಂದೇ ದಿನ ಆಗಿದ್ದರೆ ಗೊತ್ತಾಗುತ್ತಿತ್ತು. ಮೂರು ವರ್ಷದಲ್ಲಿ ನಿಧಾನವಾಗಿ ಆಯಿತು. ಕಾಣದ ಕಡೆ ನನ್ನ ತಲೆ ತಾನೇ ಸರಿಯಾದ ಅಕ್ಷರ ತುಂಬಿಕೊಂಡು ಓದುತ್ತಿತ್ತು. ನಾನು ಪರದೆ ಓದುತ್ತಿದ್ದೇನೆ ಅಂದುಕೊಂಡಿದ್ದೆ.

ಪುಸ್ತಕ ಅಚ್ಚಾಗಿ ಬಂತು. ತೆರೆದ ಎರಡನೇ ಪುಟದಲ್ಲೇ ‘ಮದ್ಯ ವಯಸ್ಸಿನ ಮಹಿಳೆ’ ಎಂದಿತ್ತು. ಮಧ್ಯ ಅಲ್ಲ, ಮದ್ಯ. ಅದೂ ಒಬ್ಬ ತಾಯಿಯ ಸಾವಿನ ಬಗ್ಗೆ ಬರೆದ ಪುಟ. ಮುಂದೆ ‘ವಿದಿ’, ‘ಸಂಬಂದ’, ‘ಅರ್ದ’. ಮನೆಗೆ ಒಂದು ಮಾಮೂಲಿ ಮಾನಿಟರ್ ತಂದು, ನಾನು ನೋಡಿ ಕಳಿಸಿದ್ದ ಅದೇ ಪಿಡಿಎಫ್ ತೆರೆದೆ. ಒಂದು ಗಂಟೆಯಲ್ಲಿ ನಲವತ್ತಕ್ಕೂ ಜಾಸ್ತಿ ತಪ್ಪು ಎಣಿಸಿದೆ. ಎಲ್ಲವೂ ಅಲ್ಲೇ ಇದ್ದವು, ಕಣ್ಣಿಗೆ ಹೊಡೆಯುವ ಹಾಗೆ. ಪ್ರಕಾಶಕರು ಬೈಯಲಿಲ್ಲ. ತಪ್ಪು ಒಪ್ಪುಗಳ ಒಂದು ಹಾಳೆ ಮಾಡಿ ಪ್ರತಿ ಪುಸ್ತಕದೊಳಗೂ ಇಟ್ಟರು. ಆಮೇಲೆ ನನಗೆ ಕೆಲಸ ಕೊಡಲಿಲ್ಲ.

ಇಷ್ಟಕ್ಕೂ ನಾನು ಕಾಯುತ್ತಿದ್ದ ಆ ಪರದೆ ಕೈಗೆ ಸಿಕ್ಕಿದ್ದರೂ ಏನಾಗುತ್ತಿತ್ತು? 10.1 ಇಂಚು, 1024×600. ಲೆಕ್ಕ ಹಾಕಿದರೆ ಇಂಚಿಗೆ 117ರ ಆಸುಪಾಸು ಪಿಕ್ಸೆಲ್. ನನ್ನ ಹಳೆಯದರಲ್ಲಿ 98. ಆದರೆ ಎತ್ತರಕ್ಕೆ 800ರ ಬದಲು 600 ಪಿಕ್ಸೆಲ್ ಮಾತ್ರ. ಇಡೀ ಪುಟ ಅಷ್ಟರಲ್ಲೇ ಹಿಡಿಸಬೇಕಾಗಿ ಇನ್ನೂ ಚಿಕ್ಕದಾಗುತ್ತಿತ್ತು, ಧ ಹೊಟ್ಟೆಯ ಗೆರೆ ಅದರಲ್ಲೂ ಕಾಣುತ್ತಿರಲಿಲ್ಲ. ಈ ಲೆಕ್ಕವನ್ನು 2009ರಲ್ಲೇ ಮಾಡಬಹುದಿತ್ತು. ಅಂಕಿಗಳೆಲ್ಲ ಕಣ್ಣೆದುರಿಗೇ ಇದ್ದವು. ನನ್ನ ಕೆಲಸಕ್ಕೆ ಏನು ಬೇಕು ಅಂತ ಕೇಳಿಕೊಳ್ಳದೆ, ಯಾವುದು ಹೊಸದು ಅಂತಲೇ ನೋಡುತ್ತಿದ್ದೆ. ಬಿಸಿಲಲ್ಲಿ ಕೂತು ಓದುವ ಅಗತ್ಯ ನನಗೆ ಇರಲೇ ಇಲ್ಲ!

ಹಾಗಾಗಿ ಕಾಯಬೇಕಾ ಎನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನ್ನಿಸುವುದಿಲ್ಲ. ಉರಿಯುತ್ತಿರುವುದು ಇವತ್ತಿನ ಕಣ್ಣು. ಅದಕ್ಕೆ ಮುಂದೆಂದೋ ಬರುವ ಪ್ಯಾನಲ್ ಹೇಗೆ ಔಷಧಿಯಾಗುತ್ತದೆ?

ಮೈಕ್ರೋ ಎಲ್‌ಇಡಿ ವಿಷಯಕ್ಕೆ ಬನ್ನಿ. ಸ್ಯಾಮ್‌ಸಂಗ್ 2018ರಲ್ಲಿ ‘ದಿ ವಾಲ್’ ತೋರಿಸಿತು, 146 ಇಂಚು. ಅಷ್ಟು ದೊಡ್ಡದು ಯಾಕೆ ಗೊತ್ತಾ? ಚಿಕ್ಕದು ಮಾಡುವುದೇ ಕಷ್ಟ. 4ಕೆ ಪರದೆಗೆ ಸುಮಾರು 83 ಲಕ್ಷ ಪಿಕ್ಸೆಲ್. ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿ ಮೂರು ದೀಪ. ಒಟ್ಟು ಸುಮಾರು 2.49 ಕೋಟಿ ಕಣದಂಥ ಎಲ್‌ಇಡಿಗಳನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಕೂರಿಸಬೇಕು. ಹತ್ತು ಸಾವಿರಕ್ಕೆ ಒಂದೇ ಒಂದು ಕೆಟ್ಟರೂ ಒಂದು ಪರದೆಯಲ್ಲಿ ಎರಡೂವರೆ ಸಾವಿರದಷ್ಟು ಕೆಟ್ಟ ಚುಕ್ಕೆ. ಲ್ಯಾಪ್‌ಟಾಪಿನ ಅಳತೆಗೆ ಇಳಿಸಿದರೆ ಆ ದೀಪಗಳು ಇನ್ನೂ ಚಿಕ್ಕದಾಗಬೇಕು, ಇನ್ನೂ ಒತ್ತೊತ್ತಾಗಿ ಕೂರಬೇಕು. ಪ್ರದರ್ಶನಕ್ಕೆ ಒಂದು ಚೆನ್ನಾದ ಪ್ಯಾನಲ್ ಸಾಕು. ಅಂಗಡಿಗೆ ಲಕ್ಷಗಟ್ಟಲೆ ಬೇಕು. ಇದನ್ನು ನಂಬಿ ದಿನ ಎಣಿಸಬೇಡಿ.

ಟ್ಯಾಂಡೆಮ್ ಓಎಲ್‌ಇಡಿ ಆಗಲೇ ಬಂದಿದೆ. 2024ರ ಐಪ್ಯಾಡ್ ಪ್ರೊದಲ್ಲಿ ಇತ್ತು, ಅದೇ ವರ್ಷ ಲ್ಯಾಪ್‌ಟಾಪಿಗೂ ಬಂತು. ಬೆಳಕು ಕೊಡುವ ಪದರ ಒಂದರ ಮೇಲೊಂದು ಎರಡು. ಇಬ್ಬರು ಹೊರೆ ಹಂಚಿಕೊಂಡ ಹಾಗೆ, ಒಂದೊಂದೂ ಕಡಿಮೆ ದಣಿಯುತ್ತದೆ, ಪರದೆ ಜಾಸ್ತಿ ದಿನ ಬಾಳುತ್ತದೆ. ಒಳ್ಳೆಯದೇ. ಆದರೆ ನಿಮ್ಮ ಕಣ್ಣುರಿಗೆ ಅದೇ ಮದ್ದು ಅಂತ ಯಾಕೆ ಅಂದುಕೊಂಡಿರಿ? ಬಹಳಷ್ಟು ಓಎಲ್‌ಇಡಿ ಪರದೆಗಳು ಬ್ರೈಟ್‌ನೆಸ್ ಇಳಿಸಿದಾಗ ಸೆಕೆಂಡಿಗೆ ನೂರಾರು ಸಲ ಆರಿ ಹೊತ್ತುತ್ತವೆ. ಇದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ಕೆಲವರಿಗೆ ಅದರಿಂದಲೇ ತಲೆನೋವು. ನಿಮಗೆ ಹಾಗಾಗುತ್ತದಾ ಅಂತ ಒಮ್ಮೆ ಕೂತು ಓದಿ ನೋಡದೆ ಸುಮ್ನೆ ದುಡ್ಡು ಹಾಕಬೇಡಿ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೂ ಕಡಿಮೆ, ಉರಿಗೆ ಅದೂ ಒಂದು ಕಾರಣ. ಉರಿ ನಿಲ್ಲದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಾನು ಹೋಗಿದ್ದು ತುಂಬ ತಡವಾಗಿ.

ನಿಜವಾಗಿಯೂ ಬಯಲಲ್ಲಿ ಕೂತು ಕೆಲಸ ಮಾಡುವವರಾದರೆ ಮಾತು ಬೇರೆ. ಹೊರಗಿನ ಬೆಳಕಲ್ಲೇ ಓದಬಹುದಾದ ಪರದೆಗಳು ಈಗ ಕೊಳ್ಳಲು ಸಿಗುತ್ತವೆ. ಇ-ರೀಡರ್‌ಗಳಲ್ಲಿರುವ ಕಾಗದದಂಥ ಪರದೆ ಇ-ಇಂಕ್, ಅದರ ಬಣ್ಣದ ಬಗೆಯಲ್ಲಿ ಕೆಲಿಡೊ 3 ಇದೆ. ಅದರಲ್ಲಿ ಕಪ್ಪು ಬಿಳುಪು ಅಕ್ಷರಕ್ಕೆ ಇಂಚಿಗೆ 300 ಪಿಕ್ಸೆಲ್, ಬಣ್ಣಕ್ಕೆ 150. ಪಠ್ಯ ಓದಲು ಚೆನ್ನ, ಸ್ಕ್ರೋಲ್ ಮಾಡಲು ನಿಧಾನ.

ಮಿಕ್ಕಂತೆ ನನ್ನ ಸಲಹೆ ಇಷ್ಟೇ: ಈ ತಿಂಗಳೇ ಒಂದು ಒಳ್ಳೆಯ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಎಲ್‌ಸಿಡಿ) ಮಾನಿಟರ್ ತಂದು ಹಳೇ ಲ್ಯಾಪ್‌ಟಾಪಿಗೆ ಜೋಡಿಸಿ. ಹೊಳಪಿಲ್ಲದ ಮ್ಯಾಟ್ ಪರದೆ ಇರಲಿ, ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ. ಕನ್ನಡ ಓದುವವರು ಕಾಂಟ್ರಾಸ್ಟ್ ಅಂಕಿಗಿಂತ ಮೊದಲು ಇಂಚಿಗೆ ಎಷ್ಟು ಪಿಕ್ಸೆಲ್ ಅಂತ ನೋಡಬೇಕು. ನಮ್ಮ ಒತ್ತಕ್ಷರಗಳಿಗೆ ಅದು ಬೇಕೇ ಬೇಕು. ಕೊಳ್ಳುವ ಮುಂಚೆ ಫೋನಿನಲ್ಲಿ ಒಂದು ಕನ್ನಡ ಪಿಡಿಎಫ್ ಒಯ್ದು ಆ ಪರದೆಯಲ್ಲಿ ತೆರೆಸಿ. ಇಡೀ ಪುಟ ಕಾಣುವಷ್ಟು ಇಟ್ಟು, ನೀವು ಕೂರುವ ದೂರದಲ್ಲೇ ಕೂತು, ಮದ್ಯ ಮತ್ತು ಮಧ್ಯ ಎರಡನ್ನೂ ಹುಡುಕಿ ನೋಡಿ.