ಸಿಓಎಫ್ (ಸಾವಯವ ಅಣುಗಳನ್ನು ಜಾಲದಂತೆ ಹೆಣೆದು ಮಾಡುವ, ಸಣ್ಣ ರಂಧ್ರಗಳ ಸ್ಫಟಿಕ ವಸ್ತು) ಮಾಡಲು ಹೋದರೆ ಸ್ಫಟಿಕ ಬರುತ್ತಿಲ್ಲ, ಬರೀ ಪುಡಿ ಬೀಳುತ್ತಿದೆ. ಏನು ಬದಲಿಸಲಿ?

ಟ್ರೈಆಲ್ಡಿಹೈಡ್, ಡೈಅಮೈನ್ ಎರಡನ್ನೂ ಸರಿಯಾದ ಅಳತೆಗೆ ಬೆರೆಸಿದ್ದೀರಿ, ಎರಡೇ ನಿಮಿಷಕ್ಕೆ ಹಳದಿ ಪುಡಿ ಬಿತ್ತು, ಎಕ್ಸ್‌ಆರ್‌ಡಿಯಲ್ಲಿ (ಸ್ಫಟಿಕವೋ ಅಲ್ಲವೋ ಎಂದು ನೋಡುವ ಎಕ್ಸ್-ಕಿರಣ ಪರೀಕ್ಷೆ) ಮಾತ್ರ ಪೀಕೇ ಇಲ್ಲ ಅಂತ ಬರೆದಿದ್ದೀರಿ. ನಾನು ಧಾರವಾಡದಲ್ಲಿ ಇದೇ ಕೆಲಸ ಮಾಡುವವನು. ಅಳತೆಯ ಚಿಂತೆ ಬಿಡ್ರಿ, ತೊಂದರೆ ಇರೋದು ಆ ‘ಎರಡೇ ನಿಮಿಷ’ದಲ್ಲಿ.

ವಿನ್ಯಾಸ ಕಾಗದದ ಮೇಲೆ ಸುಲಭ. ಮೂರು ಕೈಯ ಅಣುವಿಗೆ (ನಿಮ್ಮ ಟ್ರೈಆಲ್ಡಿಹೈಡ್) ನೇರವಾದ ಎರಡು ಕೈಯ ಅಣು (ನಿಮ್ಮ ಡೈಅಮೈನ್) ಜೋಡಿಸಿದರೆ ಷಟ್ಕೋನದ ಜಾಲ, ನಾಲ್ಕು ಕೈಯದ್ದಕ್ಕೆ ಜೋಡಿಸಿದರೆ ಚೌಕ. ನೇರ ಅಣು ಉದ್ದವಾದಷ್ಟೂ ರಂಧ್ರ ದೊಡ್ಡದು. 2005ರಲ್ಲಿ ರಸಾಯನ ವಿಜ್ಞಾನಿ ಓಮರ್ ಯಾಘಿ ತಂಡ ಸಿಓಎಫ್-1, ಸಿಓಎಫ್-5 ಮಾಡಿ ತೋರಿಸಿದ್ದೂ ಇದೇ ಲೆಕ್ಕದ ಮೇಲೆ. ಅವು ಬೋರಾನಿನ ಬಂಧದವು, ನೀರು ತಾಗಿದರೆ ಬಿಚ್ಚಿಕೊಳ್ಳುತ್ತವೆ. ನಮ್ಮೂರ ಜಿಟಿಜಿಟಿ ಮಳೆಗಾಲದಲ್ಲಿ ಅವುಗಳ ಉಸಾಬರಿ ಬೇಡ.

ಲಕ್ಕುಂಡಿಯ ಗುಡಿಗಳಲ್ಲಿ ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ್ದಾರಲ್ಲ, ಕೂಡದ ಕಲ್ಲನ್ನು ತೆಗೆದು ಮತ್ತೆ ಇಡಬಹುದು. ಆಲ್ಡಿಹೈಡ್, ಅಮೈನ್ ಕೂಡಿ ಆಗುವ ಇಮೈನ್ ಬಂಧಕ್ಕೂ ಆ ಅವಕಾಶ ಬೇಕು: ತಪ್ಪಾಗಿ ಕೂತದ್ದು ಬಿಚ್ಚಿ, ಸರಿಯಾದ ಜಾಗದಲ್ಲಿ ಮತ್ತೆ ಕೂಡಬೇಕು. ಅದಕ್ಕೇ ಡಯಾಕ್ಸೇನ್-ಮೆಸಿಟಿಲೀನ್ ದ್ರಾವಕಗಳ ಮಿಶ್ರಣ, 6 ಮೋಲಾರ್ ಅಸಿಟಿಕ್ ಆಮ್ಲ ಸ್ವಲ್ಪ, ಗಾಳಿ ತೆಗೆದು ಸೀಲ್ ಮಾಡಿದ ಗಾಜಿನ ಟ್ಯೂಬು, 120 ಡಿಗ್ರಿಯಲ್ಲಿ 3 ದಿನ. ಇಷ್ಟಾದರೂ ಪುಡಿ ಬೇಗ ಬಿದ್ದರೆ ಅನಿಲೀನ್ ಸೇರಿಸಿ ನೋಡ್ರಿ. ಅದಕ್ಕೆ ಒಂದೇ ಕೈ. ಆಲ್ಡಿಹೈಡಿನ ಜಾಗ ಮೊದಲು ಹಿಡಿದುಕೊಂಡು, ಡೈಅಮೈನ್ ಬಂದಂತೆ ನಿಧಾನಕ್ಕೆ ಬಿಟ್ಟುಕೊಡುತ್ತದೆ.

ಗಟ್ಟಿ ವಸ್ತುವೇ ಬೇಕಿದ್ದರೆ ಟ್ರೈಫಾರ್ಮೈಲ್ ಫ್ಲೋರೋಗ್ಲೂಸಿನಾಲ್ ಎಂಬ ಟ್ರೈಆಲ್ಡಿಹೈಡ್ ತೊಗೊಳ್ಳಿ. ರಾಹುಲ್ ಬ್ಯಾನರ್ಜಿ ತಂಡ 2012ರಲ್ಲಿ ಪ್ರಕಟಿಸಿದ ಟಿಪಿಪಿಎ-1 ಎಂಬ ಸಿಓಎಫ್ ಇದರದ್ದೇ. ಮೊದಲು ಬಿಚ್ಚಿ ಕೂಡುವ ಬಂಧದಲ್ಲಿ ಜಾಲ ಹೊಂದಿಕೊಳ್ಳುತ್ತದೆ, ಆಮೇಲೆ ಅಣು ಕೀಟೋ ರೂಪಕ್ಕೆ ತಿರುಗಿ ಬೀಗ ಬೀಳುತ್ತದೆ. 9 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಜಗ್ಗುವುದಿಲ್ಲ. ರಂಧ್ರ ಹಿಗ್ಗಿಸಲು ಬೆಂಜಿಡಿನ್ ಹಾಕುವವರಿದ್ದಾರೆ. ಅದು ಕ್ಯಾನ್ಸರ್ ತರುವ ರಾಸಾಯನಿಕ, ಎಂಎಸ್ಸಿ ಪ್ರಾಜೆಕ್ಟಿಗೆ ಬೇಡವೇ ಬೇಡ.

ಇನ್ನು ಒಣಗಿಸುವುದು. ದ್ರಾವಕ ಆರುವಾಗಿನ ಎಳೆತಕ್ಕೆ ರಂಧ್ರಗಳು ಕುಸಿಯಬಹುದು. ಹಸಿ ಪುಡಿಯ ಎಕ್ಸ್‌ಆರ್‌ಡಿ ಒಮ್ಮೆ ತೆಗೆಸಿ: ಹಸಿಯಲ್ಲಿ ಪೀಕ್ ಇದ್ದು ಒಣಗಿದ್ದರಲ್ಲಿ ಇಲ್ಲದಿದ್ದರೆ ನಿಮ್ಮ ರಿಯಾಕ್ಷನ್ ಸರಿಯೇ ಇದೆ, ಕೆಟ್ಟದ್ದು ಒಣಗಿಸುವಾಗ. ವ್ಯಾಕ್ಯೂಮಿಗೆ ಹಾಕುವ ಮುಂಚೆ ಹೆಕ್ಸೇನಿನಲ್ಲಿ ನೆನೆಸಿ.

ಅಂದಹಾಗೆ, ಎಕ್ಸ್-ಕಿರಣದ ಸ್ಕ್ಯಾನ್ ಯಾವ ಕೋನದಿಂದ ಶುರು ಮಾಡಿಸಿದ್ದೀರಿ? ಎಷ್ಟೋ ಕಡೆ 10 ಡಿಗ್ರಿಯಿಂದ ಓಡಿಸುತ್ತಾರೆ. ಟಿಪಿಪಿಎ-1ರ ಮುಖ್ಯ ಪೀಕ್ ಇರುವುದೇ 4.7ರ ಹತ್ತಿರ. 2 ಡಿಗ್ರಿಯಿಂದ ಓಡಿಸಿ ಅಂತ ಆಪರೇಟರಿಗೆ ಬಾಯಿಬಿಟ್ಟು ಹೇಳಿ.